ಕರೆ ಗುರುತಿಸುವ ಆಪ್ ಎರಡು ವರ್ಷ, ಸರಕಾರದ ಸಂಚಾರ ಸಾಥಿ ಆಪ್ ಒಂದು ವರ್ಷ: ಕಾರವಾರದ ನಮ್ಮ ಮನೆಯ ಅನುಭವ

ಹಣ ಕೊಟ್ಟು ಎರಡು ವರ್ಷ ಬಳಸಿದ ಕಾಲರ್ ಐಡಿ ಆಪನ್ನು ಈ ಸಲ ನವೀಕರಿಸಲಿಲ್ಲ. ಅದರ ಹೆಸರು ಬರೆಯುವುದಿಲ್ಲ. ನಾನು ಹೇಳಹೊರಟಿರುವ ತೊಂದರೆ ಒಂದು ಕಂಪನಿಯದ್ದಲ್ಲ, ಈ ಬಗೆಯ ಆಪ್‌ಗಳು ಕೆಲಸ ಮಾಡುವ ರೀತಿಯಲ್ಲೇ ಅದು ಇದೆ.

ನಮ್ಮ ಮನೆ ಕೋಡಿಬಾಗದಲ್ಲಿ. ಗಂಡ ಮರ್ಚೆಂಟ್ ನೇವಿಯವರು, ವರ್ಷದಲ್ಲಿ ಏಳೆಂಟು ತಿಂಗಳು ಹಡಗಿನಲ್ಲೇ ಇರುತ್ತಾರೆ. ಮನೆಯಲ್ಲಿ ನಾನು, ಮಗಳು, ಎಪ್ಪತ್ತಾರು ವರ್ಷದ ಮಾವ. ಗುರುತಿಲ್ಲದ ನಂಬರ್ ಎತ್ತಲೇಬೇಡಿ ಎಂದು ಎಲ್ಲರೂ ಹೇಳುತ್ತಾರೆ. ನಮ್ಮಲ್ಲಿ ಅದು ನಡೆಯುವ ಮಾತಲ್ಲ. ಕಾರವಾರದಿಂದ ಭಟ್ಕಳದವರೆಗೆ, ಹಡಗಿನಲ್ಲೋ ಗಲ್ಫಿನಲ್ಲೋ ಒಬ್ಬರು ದುಡಿಯುತ್ತಿರುವ ಮನೆಗಳು ಎಷ್ಟಿಲ್ಲ? ಇಂಥ ಮನೆಯವರು ಕಾಯುತ್ತ ಕೂರುವುದೇ ಗುರುತಿಲ್ಲದ ನಂಬರಿಗೆ. ಬಂದರಿನಲ್ಲಿ ಸಿಕ್ಕ ಸಿಮ್ಮಿನಿಂದ ಮಾತಾಡುತ್ತಾರೆ, ನಡುಸಮುದ್ರದಲ್ಲಿ ವೈಫೈ ಹೋದರೆ ಹಡಗಿನ ಸ್ಯಾಟಲೈಟ್ ಫೋನಿನಿಂದ ಹಚ್ಚುತ್ತಾರೆ. ಆ ನಂಬರ್ +870ರಿಂದ ಶುರುವಾಗುತ್ತದೆ. ಅದು ಯಾವ ದೇಶದ ಕೋಡೂ ಅಲ್ಲ, ಇನ್‌ಮಾರ್‌ಸ್ಯಾಟ್ ಉಪಗ್ರಹ ಜಾಲದ್ದು.

2024ರ ಮಾರ್ಚ್‌ನಲ್ಲಿ ಆಪ್ ಹಾಕಿಸಿದೆವು. ಮೊದಲ ಆರು ತಿಂಗಳು ನಿಜಕ್ಕೂ ನೆಮ್ಮದಿ ಕೊಟ್ಟಿತು. ಸಾಲ ಬೇಕಾ, ಸೈಟು ಬೇಕಾ ಎನ್ನುವ ಕರೆಗಳೆಲ್ಲ ಕೆಂಪು ಪಟ್ಟಿಯೊಂದಿಗೆ ಬರುತ್ತಿದ್ದವು, ಮಾವ ನೋಡಿ ಬದಿಗಿಡುತ್ತಿದ್ದರು. ಆ ಕೆಲಸಕ್ಕೆ ಇವತ್ತಿಗೂ ಅದು ಒಳ್ಳೆಯದೇ.

ಆ ವರ್ಷದ ಸೆಪ್ಟೆಂಬರಿನಲ್ಲಿ ನನ್ನ ಫೋನಿಗೆ ಒಂದು ಕರೆ ಬಂತು. ಹತ್ತಂಕಿಯ ಮಾಮೂಲಿ ನಂಬರ್. ನಿಮ್ಮ ಮೊಬೈಲ್ ಎರಡು ಗಂಟೆಯಲ್ಲಿ ಬಂದ್ ಆಗಲಿದೆ, ಹೆಚ್ಚಿನ ಮಾಹಿತಿಗೆ ಒಂಬತ್ತು ಒತ್ತಿ ಎಂಬ ರೆಕಾರ್ಡ್ ಮಾಡಿದ ದನಿ. ಇಟ್ಟುಬಿಟ್ಟೆ, ಆಪ್‌ನಲ್ಲಿ ವಂಚನೆ ಎಂದು ಗುರುತು ಹಾಕಿದೆ. ಸಿಟ್ಟು ತಡೆಯದೆ ಅದೇ ನಂಬರಿಗೆ ವಾಪಸ್ ಹಚ್ಚಿದೆ. ಎತ್ತಿದ್ದು ಒಬ್ಬ ಹೆಂಗಸು. ನಾನು ಬಾಯಿ ತೆರೆಯುವ ಮೊದಲೇ ಅವರು ಅಳು ತಡೆದುಕೊಂಡು, "ಅಕ್ಕಾ, ನಾನು ಯಾರಿಗೂ ಫೋನ್ ಮಾಡಿಲ್ಲ, ಬೆಳಗ್ಗಿಂದ ಎಲ್ಲರೂ ಬೈತಿದ್ದಾರೆ, ನಾನು ಟೈಲರಿಂಗ್ ಮಾಡೋಳು" ಎಂದರು. ಅವರ ನಂಬರನ್ನು ಯಾರೋ ಮುಖವಾಡದಂತೆ ಹಾಕಿಕೊಂಡಿದ್ದರು. ನಾನು ಹಾಕಿದ ಗುರುತು ಬಿದ್ದದ್ದು ಆ ಹೆಂಗಸಿನ ಮೇಲೆ. ಅದನ್ನು ತೆಗೆದುಹಾಕಿದೆ, ಆದರೆ ನನ್ನ ಹಾಗೆ ಎಷ್ಟು ಜನ ಹಾಕಿದ್ದರೋ. ಅವರ ಹೊಲಿಗೆಯ ಗಿರಾಕಿಗಳ ಫೋನಿನಲ್ಲಿ ಅವರ ಹೆಸರು ಕೆಂಪಾಗಿ ಕಾಣುತ್ತಿರಬಹುದು ಎಂಬ ಯೋಚನೆ ಇವತ್ತಿಗೂ ಹೋಗಿಲ್ಲ.

ಇದು ಹೇಗೆ ಸಾಧ್ಯ ಎಂದು ಆಮೇಲೆ ಓದಿ ತಿಳಿದುಕೊಂಡೆ. ಇನ್‌ಲ್ಯಾಂಡ್ ಪತ್ರದಲ್ಲಿ 'ಇಂದ' ಎಂಬ ಜಾಗದಲ್ಲಿ ಯಾರ ವಿಳಾಸ ಬೇಕಾದರೂ ಬರೆಯಬಹುದು, ಅಂಚೆಯವರು ಪರೀಕ್ಷಿಸುವುದಿಲ್ಲ. ಕರೆ ಮಾಡಿದವರ ನಂಬರೂ ಹಾಗೆಯೇ, ಕರೆ ಹೊರಟ ಕಡೆಯವರು ಬರೆದು ಕಳಿಸುವ ಮಾಹಿತಿ. ಇಂಟರ್ನೆಟ್ ಮೂಲಕ ವಿದೇಶದಿಂದ ಹೊರಟ ಕರೆಗೆ +91 ಎಂದು ಅಂಟಿಸಿದರೆ, ಇಲ್ಲಿಯ ಜಾಲ ಅದನ್ನು ನಂಬಿ ನಮ್ಮ ಪರದೆಗೆ ತಲುಪಿಸುತ್ತಿತ್ತು. 2024ರ ಅಕ್ಟೋಬರ್ 22ರಂದು ದೂರಸಂಪರ್ಕ ಇಲಾಖೆ ಇದನ್ನು ತಡೆಯುವ ವ್ಯವಸ್ಥೆ ಶುರು ಮಾಡಿತು. ಹೊರದೇಶದಿಂದ ಭಾರತದ ನಂಬರ್ ಹೊತ್ತು ಬಂದ ಕರೆಯನ್ನು ಒಳಗೆ ಬಿಡುವ ಮೊದಲೇ ಗುರುತಿಸಿ ನಿಲ್ಲಿಸುತ್ತದೆ. ಮೊದಲ 24 ಗಂಟೆಯಲ್ಲೇ 1.35 ಕೋಟಿ ಕರೆ ತಡೆದಿದ್ದಾಗಿ ಸರಕಾರ ಹೇಳಿತು. ನಮ್ಮ ಮನೆಯಲ್ಲೂ ಆ 'ಒಂಬತ್ತು ಒತ್ತಿ' ಕರೆಗಳು ಕಡಿಮೆಯಾದವು. ಆದರೆ ಮೋಸಗಾರರು ಸುಮ್ಮನಿರುವವರಲ್ಲ. ಇಲ್ಲಿಯವರ ಹೆಸರಲ್ಲೇ ತೆಗೆಸಿದ ಸಿಮ್ ಇಟ್ಟುಕೊಂಡು ಮಾಡುವವರಿದ್ದಾರೆ, ವಾಟ್ಸಾಪ್‌ನಲ್ಲಿ ಬರುವವರಿದ್ದಾರೆ. ಈ ತಡೆ ಅಂಥವರಿಗೆ ತಾಗುವುದಿಲ್ಲ.

2025ರ ಜುಲೈ. ಮಳೆ ಜೋರಾಗಿ ಶಾಲೆಗೆ ರಜೆ ಕೊಟ್ಟಿದ್ದರು, ನಾನು ಕೆಲಸಕ್ಕೆ ಹೋಗಿದ್ದೆ. ಮಧ್ಯಾಹ್ನ ಮಾವನ ಫೋನಿಗೆ ಕರೆ ಬಂತು. ಆಪ್ ತೋರಿಸಿದ ಹೆಸರು: ಕಸ್ಟಮ್ಸ್ ಆಫೀಸ್, ಮುಂಬೈ. ಜೊತೆಗೆ ನಾಲ್ಕು ಸಿಂಹದ ಚಿತ್ರ. ಕೆಂಪು ಪಟ್ಟಿ ಇಲ್ಲ. ಮಾತಾಡಿದವನಿಗೆ ಮಗನ ಹೆಸರು ಗೊತ್ತಿತ್ತು, ಹುದ್ದೆ ಗೊತ್ತಿತ್ತು. ಕ್ಯಾಬಿನ್‌ನಲ್ಲಿ ಡ್ರಗ್ಸ್ ಸಿಕ್ಕಿದೆ, ಫೋನ್ ಇಡಬೇಡಿ, ಬೇರೆ ಕರೆ ಎತ್ತಬೇಡಿ, ಮನೆಯಲ್ಲಿ ಯಾರಿಗೂ ಹೇಳಬೇಡಿ ಎಂದ.

ಮಾವ ನಿವೃತ್ತ ಶಿಕ್ಷಕರು. ಡಿಜಿಟಲ್ ಅರೆಸ್ಟ್, ಅಂದರೆ ಫೋನಿನಲ್ಲೇ ಬಂಧಿಸಿದ್ದೇವೆ ಎಂದು ಹೆದರಿಸುವುದು, ಕಾನೂನಿನಲ್ಲೇ ಇಲ್ಲ ಎಂದು 2024ರ ಅಕ್ಟೋಬರಿನಲ್ಲಿ ಪ್ರಧಾನಿ ಮನ್ ಕಿ ಬಾತ್‌ನಲ್ಲಿ ಹೇಳಿದ್ದನ್ನು ಕೇಳಿ, ನಮಗೆಲ್ಲ ಕೂರಿಸಿಕೊಂಡು ಹೇಳಿದವರೇ ಅವರು. ತನ್ನ ಮೇಲೆ ಕೇಸು ಎಂದಿದ್ದರೆ ಖಂಡಿತ ಬೈದು ಇಡುತ್ತಿದ್ದರು. ಮಗನ ಹೆಸರು ಬಂದ ಕೂಡಲೇ ಕೈಕಾಲು ಬಿಟ್ಟುಹೋಯಿತು. ಮಂಚದ ಅಂಚಿಗೆ ಕೂತು, ಪಾಸ್‌ಬುಕ್ಕನ್ನು ಪ್ಲಾಸ್ಟಿಕ್ ಕವರಿನಿಂದ ತೆಗೆದು ತೊಡೆಯ ಮೇಲಿಟ್ಟುಕೊಂಡು, ಹಳೆ ಕ್ಯಾಲೆಂಡರಿನ ಹಾಳೆಯ ಹಿಂಬದಿಗೆ ಪೆನ್ಸಿಲಿನಲ್ಲಿ ಬರೆದುಕೊಂಡಿದ್ದರು. ಕೇಸ್ ನಂಬರ್, ಖಾತೆ ಸಂಖ್ಯೆ, ಕೆಳಗೆ 3,80,000. ಕರಿಹಲಗೆಯ ಮೇಲೆ ನಲವತ್ತು ವರ್ಷ ಬರೆದ ದುಂಡು ಅಕ್ಷರ. ಕೊನೆಯ ಸಾಲು ಮಾತ್ರ ಓರೆಯಾಗಿತ್ತು. ಆ ಹಾಳೆ ಈಗಲೂ ನನ್ನ ಹತ್ತಿರವಿದೆ.

ಮಾತಿನ ನಡುವೆ ಇನ್ನೊಂದು ಕರೆ ಬಂತು. +870. ಆಪ್ ಪೂರ್ತಿ ಪರದೆಯನ್ನು ಕೆಂಪು ಮಾಡಿ, ಇದು ಸ್ಪ್ಯಾಮ್, ಇಷ್ಟು ಜನ ದೂರಿದ್ದಾರೆ ಎಂದು ಎಚ್ಚರಿಸಿತು. ಮಾವ ಕಟ್ ಮಾಡಿದರು. ಅದು ಅವರ ಮಗನ ಕರೆಯಾಗಿತ್ತು.

ಆಮೇಲೆ ಆದದ್ದು ಇಷ್ಟೇ. ಕರೆಂಟ್ ಹೋಯಿತು, ಸ್ವಲ್ಪ ಹೊತ್ತಿಗೆ ಟವರೂ ಹೋಯಿತು. ಮಳೆಗಾಲದಲ್ಲಿ ನಾವು ದಿನಾ ಬೈಯುವ ಸಂಗತಿಯೇ ಅವತ್ತು ಲೈನ್ ಕಡಿಯಿತು. ಮಗಳು ಓಡಿಹೋಗಿ ಪಕ್ಕದ ಮನೆಯವರನ್ನು ಕರೆತಂದಳು, ನಾನು ಬರುವವರೆಗೆ ಅವರು ಮಾವನ ಜೊತೆ ಕೂತಿದ್ದರು. ಹಣ ಹೋಗಲಿಲ್ಲ. ರಾತ್ರಿ ಎಂಟೂವರೆಗೆ ಮತ್ತೆ +870. "ಪಪ್ಪಾ, ಯಾಕೆ ಕಟ್ ಮಾಡಿದ್ರಿ?" ಎಂದು ಅವರು ಕೇಳಿದಾಗ ಮಾವ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅತ್ತರು.

ಮೋಸಗಾರನಿಗೆ ಅಧಿಕಾರಿಯ ಹೆಸರು, ಹೆತ್ತ ಮಗನಿಗೆ ಕೆಂಪು ಪರದೆ. ಈ ಆಪ್‌ಗಳು ತೋರಿಸುವ ಹೆಸರು ಸಿಮ್ ದಾಖಲೆಯಿಂದ ಬರುವುದಲ್ಲ. ಬಳಕೆದಾರ ತಾನೇ ಬರೆದುಕೊಂಡ ಹೆಸರು, ಇಲ್ಲವೇ ಬೇರೆಯವರು ಕೊಟ್ಟ ಹೆಸರು. ಕಸ್ಟಮ್ಸ್ ಆಫೀಸ್ ಎಂದು ಬರೆದುಕೊಂಡರೆ ಹಾಗೇ ಕಾಣಬಹುದು. ಸಿಮ್ ನೋಂದಣಿಯ ಹೆಸರನ್ನು ಜಾಲವೇ ತೋರಿಸಬೇಕು ಎಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2024ರ ಫೆಬ್ರುವರಿಯಲ್ಲಿ ಶಿಫಾರಸು ಮಾಡಿದೆ. ಅದು ಇದಕ್ಕಿಂತ ಎಷ್ಟೋ ಮೇಲು. ಆದರೂ ಸಿಮ್ ಇನ್ನೊಬ್ಬರ ಹೆಸರಲ್ಲಿದ್ದರೆ ಕಾಣುವುದು ಆ ಇನ್ನೊಬ್ಬರ ಹೆಸರೇ. ಲೋನ್ ಕರೆ ತಪ್ಪಿಸುವುದಕ್ಕೆ ಆಪ್‌ಗೆ ಐದಕ್ಕೆ ನಾಲ್ಕು ಕೊಡುತ್ತೇನೆ, ಮೋಸ ತಡೆಯುವುದಕ್ಕೆ ಒಂದು.

ಮರುದಿನವೇ ಸಂಚಾರ ಸಾಥಿ ಹಾಕಿಕೊಂಡೆ. ದೂರಸಂಪರ್ಕ ಇಲಾಖೆಯದ್ದು, ಉಚಿತ. 2023ರ ಮೇ ತಿಂಗಳಿಂದ ವೆಬ್‌ಸೈಟ್ ಇತ್ತು, ಆಪ್ ಬಂದದ್ದು 2025ರ ಜನವರಿಯಲ್ಲಿ. ಇದು ಕರೆ ಬರುವಾಗ ತಡೆಯುವ ಆಪ್ ಅಲ್ಲ, ಆ ನಿರೀಕ್ಷೆ ಇಟ್ಟುಕೊಂಡು ಹಾಕಿಕೊಳ್ಳಬೇಡಿ. ಇದರಲ್ಲಿರುವ ಚಕ್ಷು ಎಂಬ ಭಾಗದಲ್ಲಿ ಸಂಶಯದ ಕರೆ, ಎಸ್ಸೆಮ್ಮೆಸ್, ವಾಟ್ಸಾಪ್ ಸಂದೇಶಗಳನ್ನು ವರದಿ ಮಾಡಬಹುದು, ಬಂದು ಮೂವತ್ತು ದಿನದೊಳಗೆ ಮಾಡಬೇಕು. ನಾನು ಒಂದು ವರ್ಷದಲ್ಲಿ ಇಪ್ಪತ್ತಮೂರು ಕಳಿಸಿದ್ದೇನೆ, ಒಂದಕ್ಕೆ ಎರಡು ಮೂರು ನಿಮಿಷ ಸಾಕು. ವಿದೇಶದ ಕರೆ ಭಾರತದ ನಂಬರ್ ಹೊತ್ತು ಬಂದರೆ ಅದನ್ನು ಹೇಳುವುದಕ್ಕೆ ಬೇರೆಯೇ ಜಾಗ ಇದೆ. ಆ ಟೈಲರಿಂಗ್ ಅಕ್ಕನ ವಿಷಯದಲ್ಲಿ ನನಗೆ ಇದು ಮೊದಲೇ ಗೊತ್ತಿರಬೇಕಿತ್ತು.

ನನಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ನಮ್ಮ ಹೆಸರಿನಲ್ಲಿ ಎಷ್ಟು ಮೊಬೈಲ್ ಸಂಪರ್ಕ ಇವೆ ಎಂದು ತೋರಿಸುವ ಭಾಗ. ಒಬ್ಬರ ಹೆಸರಲ್ಲಿ ಒಂಬತ್ತರವರೆಗೆ ಇರಬಹುದು. ಮಾವನ ಹೆಸರಲ್ಲಿ ಮೂರು ಕಂಡವು. ಒಂದು ಅವರದ್ದು, ಒಂದು ಅತ್ತೆ ಬಳಸುತ್ತಿದ್ದದ್ದು. ಮೂರನೆಯದು ಯಾರದೆಂದು ನಮಗಾರಿಗೂ ಗೊತ್ತಿಲ್ಲ. 'ಇದು ನನ್ನ ನಂಬರ್ ಅಲ್ಲ' ಎಂದು ಒತ್ತಿದೆವು. ಮಾವನ ಹೆಸರಲ್ಲಿ ಯಾರೋ ಇನ್ನೊಬ್ಬ ಮುದುಕರನ್ನು ಹೆದರಿಸುತ್ತಿದ್ದರೇನೋ ಎಂದು ಯೋಚಿಸಿದರೆ ಮೈ ಜುಂ ಎನ್ನುತ್ತದೆ. ನಿಮ್ಮ ಮನೆಯ ಹಿರಿಯರದ್ದನ್ನು ಇವತ್ತೇ ನೋಡಿ.

ಹಣ ಹೋಗಿಯೇಬಿಟ್ಟಿದ್ದರೆ ಚಕ್ಷು ಅಲ್ಲ, ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಹಚ್ಚಬೇಕು. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಓಡುತ್ತಿರುವಾಗಲೇ ತಡೆಹಿಡಿಯುವುದಕ್ಕೆ ಅವಕಾಶ, ನಾಳೆ ನೋಡೋಣ ಎಂದರೆ ಕೈಗೆ ಸಿಗುವುದು ಕಷ್ಟ.

ವಾಟ್ಸಾಪ್‌ನಲ್ಲಿ ಅಪರಿಚಿತ ಕರೆಗಳು ರಿಂಗ್ ಆಗದಂತೆ ಮಾಡುವ ಸೆಟ್ಟಿಂಗ್ ಇದೆ, ಮಾವನ ಫೋನಿನಲ್ಲಿ ಹಾಕಿದ್ದೇನೆ, ಯಾವ ತೊಂದರೆಯೂ ಆಗಿಲ್ಲ. ಮಾಮೂಲಿ ಕರೆಗಳಿಗೂ ಹಾಗೇ ಮಾಡಿ ನೋಡಿದೆ, ಹನ್ನೆರಡು ದಿನದಲ್ಲಿ ತೆಗೆದೆ. ಗ್ಯಾಸಿನವನ ಕರೆ ತಪ್ಪಿತು, ಬೇರೆಯವರ ಫೋನಿನಿಂದ ಹಚ್ಚುವ ಮೀನು ಮಾರುವ ಹೆಂಗಸಿನ ಕರೆ ತಪ್ಪಿತು, ಹಡಗಿನದ್ದೂ ತಪ್ಪಿತು.

ಈಗ ಮಾವನ ಮಂಚದ ಪಕ್ಕದ ಗೋಡೆಗೆ ಒಂದು ಹಾಳೆ ಅಂಟಿಸಿದೆ, ದಪ್ಪ ಅಕ್ಷರದಲ್ಲಿ. ಬ್ಯಾಂಕಿನ ಕೆಲಸದ ಕರೆ 1600ರಿಂದ ಬರಬೇಕು, ಜಾಹೀರಾತಿನದ್ದು 140ರಿಂದ. ಯಾರೇ ಹೆದರಿಸಿದರೂ ಇಟ್ಟು, ಈ ಹಾಳೆಯಲ್ಲಿರುವ ನಂಬರಿಗೆ ನಾವೇ ಹಚ್ಚಬೇಕು: ನನ್ನದು, ಬ್ಯಾಂಕ್ ಶಾಖೆಯದ್ದು, ಹಡಗಿನ ಕಂಪನಿಯ ಮುಂಬೈ ಕಚೇರಿಯದ್ದು, ಪಕ್ಕದ ಮನೆಯದ್ದು. ಮಗನ ದನಿಯಲ್ಲೇ ಯಾರಾದರೂ ಹಣ ಕೇಳಿದರೆ ಕೇಳಬೇಕಾದ ಒಂದು ಶಬ್ದವನ್ನೂ ಗೊತ್ತುಮಾಡಿಕೊಂಡಿದ್ದೇವೆ, ಅದನ್ನು ಮಾತ್ರ ಎಲ್ಲೂ ಬರೆದಿಲ್ಲ. ಕಳೆದ ಒಂದು ವರ್ಷದಲ್ಲಿ ಮಾವ ಈ ಹಾಳೆ ನೋಡಿ ನನಗೆ ನಾಲ್ಕು ಸಲ ಹಚ್ಚಿದ್ದಾರೆ. ಮೂರು ಮೋಸದ್ದು, ಒಂದು ನಿಜವಾದ ಬ್ಯಾಂಕಿನದ್ದು.

ಮುಂದಿನ ತಿಂಗಳು ಗಂಡ ಹೊಸ ಹಡಗು ಹತ್ತುತ್ತಾರೆ. ಅದರ +870 ನಂಬರ್ ಬರೆಯುವುದಕ್ಕೆ ಹಾಳೆಯ ಕೆಳಗೆ ಒಂದು ಸಾಲು ಖಾಲಿ ಬಿಟ್ಟಿದ್ದೇನೆ.