ಡೆಲಿವರಿ ಆ್ಯಪ್‌ಗೆ ಸಹಿ ಹಾಕೋ ಮುಂಚೆ ಈ ಲೆಕ್ಕ ನೋಡಿ

ಶಿವಮೊಗ್ಗದಲ್ಲಿ ಸಣ್ಣ ಹೋಟೆಲ್ ನಡೆಸೋರಿಗೆ ಇದು. ಡೆಲಿವರಿ ಆ್ಯಪ್ ಕಡೆಯೋರು ಕಮಿಷನ್ ಬರೀ 25 ಪರ್ಸೆಂಟ್ ಅಂದರೆ, ಅಲ್ಲಿಗೇ ತಲೆ ಆಡಿಸಬೇಡಿ. ಆ 25ರ ಹೊರಗೆ ಏನೇನಿದೆ ಅನ್ನೋದು ಮೊದಲ ವಾರದ ದುಡ್ಡು ಖಾತೆಗೆ ಬಿದ್ದಾಗಲೇ ಗೊತ್ತಾಗೋದು.

200 ರೂಪಾಯಿಯ ಒಂದು ಆರ್ಡರ್ ಹಿಡಿಯಿರಿ. ಹೋಟೆಲ್ ಹೆಸರು ಮೇಲೆ ಕಾಣಲಿ ಅಂತ 20 ಪರ್ಸೆಂಟ್ ಆಫರ್ ಹಾಕಿಸ್ತಾರೆ, ಆ 40 ರೂಪಾಯಿ ನಿಮ್ಮದೇ. ಉಳಿದ 160ಕ್ಕೆ ಕಮಿಷನ್ 40. ಕಮಿಷನ್ ಮೇಲೆ 18 ಪರ್ಸೆಂಟ್ ಜಿಎಸ್‌ಟಿ, 7.20. ಪೇಮೆಂಟ್ ಗೇಟ್‌ವೇ, ಅಂದರೆ ಆನ್‌ಲೈನ್ ಪಾವತಿ ಶುಲ್ಕ ಅಂತ ಸುಮಾರು 3. ಆದಾಯ ತೆರಿಗೆ ಲೆಕ್ಕಕ್ಕೆ ಮೊದಲೇ ಹಿಡಿಯೋ ಟಿಡಿಎಸ್ 0.1 ಪರ್ಸೆಂಟ್, ಅಂದರೆ 16 ಪೈಸೆ. ಕೈಗೆ ಬರೋದು 109.64. ಡಬ್ಬಿ, ಚಟ್ನಿ ಕಪ್ಪು, ಕವರಿಗೆ 12, ದಿನಸಿಗೆ 70 ತೆಗೆದರೆ ಉಳಿಯೋದು 27 ರೂಪಾಯಿ ಚಿಲ್ಲರೆ. ಗ್ಯಾಸು, ಭಟ್ಟರ ಸಂಬಳ, ಬಾಡಿಗೆ ಎಲ್ಲ ಅದರಲ್ಲೇ. ಕಮಿಷನ್ನನ್ನ ಆಫರ್ ಕಳೆದ ಮೇಲಿನ 160ಕ್ಕೆ ಹಾಕ್ತಾರೋ, ಪೂರ್ತಿ 200ಕ್ಕೋ? ಒಪ್ಪಂದದಲ್ಲಿ ಆ ಒಂದು ಸಾಲು ಹುಡುಕಿ. 200ಕ್ಕೆ ಅಂತಿದ್ದರೆ ಇನ್ನೂ 11.80 ಹೋಯ್ತು.

5 ಪರ್ಸೆಂಟ್ ಜಿಎಸ್‌ಟಿ ಕಟ್ಟೋ ಹೋಟೆಲಿಗೆ ಆ 7.20ರ ಇನ್‌ಪುಟ್ ಕ್ರೆಡಿಟ್ ಸಿಗಲ್ಲ, ಅಂದರೆ ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಅದನ್ನ ಕಳೆದುಕೊಳ್ಳೋ ಹಾಗಿಲ್ಲ. ಇನ್ನೊಂದು ತಪ್ಪು ಆಗೋದು ಇಲ್ಲೇ: ಆ್ಯಪ್‌ನಲ್ಲಿ ಮಾರಿದ ಊಟದ ಜಿಎಸ್‌ಟಿಯನ್ನ 2022ರ ಜನವರಿ 1ರಿಂದ ಆ್ಯಪ್ ಕಂಪನಿಯೇ ಕಟ್ಟಬೇಕು. ಅದನ್ನ ಕೌಂಟರ್ ವ್ಯಾಪಾರದ ಜೊತೆ ಕಲಸಿಬಿಟ್ಟರೆ ಒಂದೇ ಊಟಕ್ಕೆ ಎರಡು ಸಲ ತೆರಿಗೆ. ಜಿಎಸ್‌ಟಿ ರಿಟರ್ನ್ ಫಾರ್ಮ್ ಆದ ಜಿಎಸ್‌ಟಿಆರ್-3ಬಿಯಲ್ಲಿ ಇದಕ್ಕೆ 3.1.1 ಅನ್ನೋ ಬೇರೆ ಕಾಲಂ ಇದೆ, ನಿಮ್ಮ ಅಕೌಂಟೆಂಟ್ ಅದರಲ್ಲಿ ತೋರಿಸ್ತಿದಾರಾ ಕೇಳಿ.

ಲೆಕ್ಕಕ್ಕಿಂತ ದೊಡ್ಡ ಪೆಟ್ಟು ಮಳೆಗಾಲದ್ದು. ಜುಲೈನಲ್ಲಿ ಸಂಜೆ ಜಡಿಮಳೆ ಹಿಡಿದರೆ ಆರ್ಡರ್ ಏರುತ್ತೆ, ಬೈಕ್ ಹುಡುಗರು ಕಮ್ಮಿಯಾಗ್ತಾರೆ. ದುರ್ಗಿಗುಡಿಯಲ್ಲಿ ನೀರ್‌ದೋಸೆ ಹುಯ್ದು, ಮಡಚಿ, ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದ ಮೇಲೆ ಹುಡುಗ ಬರೋದು ಅರ್ಧ ಗಂಟೆಗೆ. ಅಷ್ಟರಲ್ಲಿ ಮುಚ್ಚಳದ ಒಳಗೆ ಕಟ್ಟಿದ ಹಬೆ ನೀರಾಗಿ ತೊಟ್ಟಿಕ್ಕಿ, ಆರು ದೋಸೆ ಒಂದೇ ಮುದ್ದೆ. ನವುಲೆಯಲ್ಲಿ ಡಬ್ಬಿ ತೆಗೆದವರು ಬೈಯೋದು ಹೋಟೆಲಿಗೆ, ಒಂದು ಸ್ಟಾರ್ ಬೀಳೋದೂ ಹೋಟೆಲಿಗೆ. ಗಿರಾಕಿ ಕಟ್ಟಿದ ಮಳೆ ಶುಲ್ಕದಲ್ಲಿ ಮಾತ್ರ ನಿಮಗೆ ಪಾಲಿಲ್ಲ.

ಕಳಿಸಲೇಬೇಕು ಅಂದರೆ ದೋಸೆಯನ್ನ ತಟ್ಟೆಯಲ್ಲಿ ಒಂದೆರಡು ನಿಮಿಷ ಆರಿಸಿ, ನಡುನಡುವೆ ಬಾಡಿಸಿದ ಬಾಳೆಎಲೆ ಇಟ್ಟು, ಮುಚ್ಚಳಕ್ಕೆ ಮೂರ್ನಾಲ್ಕು ತೂತು ಹಾಕಿ. ಕಾಯಿಬೆಲ್ಲ ಬೇರೆ ಕಪ್ಪಿಗೆ. ನನ್ನನ್ನ ಕೇಳಿದರೆ ನೀರ್‌ದೋಸೆ, ಅಕ್ಕಿರೊಟ್ಟಿ ಎರಡನ್ನೂ ಆ್ಯಪ್‌ನಿಂದ ತೆಗೆದೇಬಿಡಿ. ಕಡುಬು, ಕೋಳಿಸಾರು, ಬಿರಿಯಾನಿ ತಡೆಯುತ್ತವೆ. ಮಳೆ ಜೋರಾದಾಗ ಆ್ಯಪ್‌ನಲ್ಲಿ ತಯಾರಿ ಸಮಯ 15 ನಿಮಿಷ ಇದ್ದದ್ದನ್ನ 25 ಮಾಡಿ. ಆಗದಿದ್ದರೆ ಅಂಗಡಿ ಆಫ್ ಮಾಡಿ, ರೇಟಿಂಗ್ ಹಾಳಾಗೋದಕ್ಕಿಂತ ವಾಸಿ.

ಚಟ್ನಿ ಬಂದಿಲ್ಲ, ಸಾರು ಚೆಲ್ಲಿದೆ ಅಂತ ಗಿರಾಕಿ ಫೋಟೋ ಹಾಕಿದರೆ ರೀಫಂಡ್ ಎಷ್ಟೋ ಸಲ ನಿಮ್ಮ ಪೇಮೆಂಟ್‌ನಿಂದಲೇ ಹೋಗುತ್ತೆ. ಕವರ್ ಸೀಲ್ ಮಾಡೋ ಮುಂಚೆ ಐಟಮ್ಮೆಲ್ಲ ಕಾಣೋ ಹಾಗೆ ಆರ್ಡರ್ ಚೀಟಿ ಸಮೇತ ಒಂದು ಫೋಟೋ ತೆಗೆದಿಟ್ಟರೆ ತಕರಾರಿಗೆ ಆಧಾರ. ಜಾಹೀರಾತಿನ ದುಡ್ಡೂ ವಾರದ ಪೇಮೆಂಟ್‌ನಲ್ಲೇ ಮುರ್ಕೊಳ್ತಾರೆ. ಫೋನಿನಲ್ಲಿ ಸುಮ್ಮನೆ ಹ್ಞೂಂ ಅಂದ ಆಫರ್ ತಿಂಗಳುಗಟ್ಟಲೆ ಓಡ್ತಾ ಇರುತ್ತೆ, ವಾರಕ್ಕೊಮ್ಮೆ ತೆಗೆದು ನೋಡಿ.

ಕೌಂಟರಿಗಿಂತ ಆ್ಯಪ್‌ನಲ್ಲಿ ರೇಟು ಜಾಸ್ತಿ ಇಡಬಾರದು ಅನ್ನೋ ಷರತ್ತು ಇದೆಯಾ ಅಂತಲೂ ಓದಿ. ಇಂಥ ಬೆಲೆ ಷರತ್ತಿನ ದೂರೂ ಸೇರಿದ ಪ್ರಕರಣದಲ್ಲಿ ಭಾರತೀಯ ಸ್ಪರ್ಧಾ ಆಯೋಗ 2022ರ ಏಪ್ರಿಲ್‌ನಲ್ಲಿ ದೇಶದ ಎರಡು ದೊಡ್ಡ ಕಂಪನಿಗಳ ಮೇಲೆ ತನಿಖೆಗೆ ಆದೇಶ ಕೊಟ್ಟಿತ್ತು. ಒಪ್ಪಂದ ಬಿಡೋಕೆ ಎಷ್ಟು ದಿನದ ನೋಟಿಸ್ ಅನ್ನೋದು ಅದೇ ಕಾಗದದಲ್ಲಿರುತ್ತೆ.

ದಿನಕ್ಕೆ ಇಂಥ 20 ಆರ್ಡರ್ ಇದ್ದರೆ ಕಮಿಷನ್ ಮತ್ತು ಅದರ ಜಿಎಸ್‌ಟಿಯೇ 944 ರೂಪಾಯಿ. ಅರ್ಧಕ್ಕರ್ಧ ಆರ್ಡರ್ ಎರಡು-ಮೂರು ಕಿಲೋಮೀಟರ್ ಒಳಗೇ ಹೋಗ್ತಿದ್ದರೆ, ಆ ದುಡ್ಡಿನ ಅರ್ಧದಲ್ಲಿ ಒಬ್ಬ ಹುಡುಗನ ಕೂಲಿ, ಪೆಟ್ರೋಲು ಏಳುತ್ತಾ ನೋಡಿ. ಆಗುತ್ತೆ ಅಂದರೆ ಇವತ್ತೇ ಪಾರ್ಸೆಲ್ ಕವರಿನ ಮೇಲೆ ನಿಮ್ಮ ವಾಟ್ಸಾಪ್ ನಂಬರ್ ಅಚ್ಚು ಹಾಕಿಸಿ.