ಅರಿಶಿಣ ಹಚ್ಚಿದ ಮೇಲೆ ಫೌಂಡೇಶನ್ ಆರಿಸಬೇಡಿ

ಕಲಬುರಗಿಯಲ್ಲಿ ಮೇ ತಿಂಗಳ ಒಂದು ಮದುವೆ. ಮದುಮಗಳದು ಎಣ್ಣೆಗಪ್ಪು ಬಣ್ಣ, ನೋಡಲು ಲಕ್ಷಣವಾದ ಮುಖ. ಪಾರ್ಲರಿನ ಟ್ಯೂಬ್‌ಲೈಟಿನಲ್ಲಿ ಚೆಂದ ಕಂಡಿದ್ದ ಮೇಕಪ್ ಅಕ್ಕಿಕಾಳು ಹಾಕುವ ಹೊತ್ತಿಗೆ ಬಿಸಿಲಿನಲ್ಲಿ ಬೂದಿ ಬಳಿದಂತೆ ಕಾಣತೊಡಗಿತು. ಫೋಟೊಗಳಲ್ಲಿ ಮುಖದ ಬಣ್ಣ ಒಂದು, ಕುತ್ತಿಗೆಯದು ಇನ್ನೊಂದು. ಪಾಪ, ಆ ಆಲ್ಬಮ್ಮನ್ನು ಆಕೆ ಈಗ ಯಾರಿಗೂ ತೋರಿಸುವುದಿಲ್ಲ.

ಆದದ್ದು ಇಷ್ಟು. ಮನೆಯ ಹಿರಿಯರು "ಹುಡುಗಿನ್ನ ಜರಾ ಬೆಳ್ಳಗ ಮಾಡ್ರೀ" ಅಂದರು. ಪಾರ್ಲರಿನವರು ಆಕೆಯ ಬಣ್ಣಕ್ಕಿಂತ ಎರಡು ಶೇಡ್ ತಿಳಿಯಾದ ಫೌಂಡೇಶನ್, ಅಂದರೆ ಮುಖಕ್ಕೆಲ್ಲ ಹಚ್ಚುವ ಮೈಬಣ್ಣದ ಮೇಕಪ್, ಹಚ್ಚಿದರು. ತಿಳಿ ಶೇಡಿನಲ್ಲಿ ಟೈಟಾನಿಯಂ ಡೈಆಕ್ಸೈಡ್ ಎಂಬ ಬಿಳಿ ಪುಡಿ ಹೆಚ್ಚು. ಕಂದು ಚರ್ಮದ ಮೇಲೆ ಆ ಬಿಳಿ ತೆಳುವಾಗಿ ಕೂತರೆ ಒಳಗಿನ ಕಂದು ಇಣುಕಿ ಎರಡೂ ಸೇರಿ ಬೂದು ಆಗುತ್ತದೆ. ಅದನ್ನು ಮುಚ್ಚಲು ಮತ್ತೊಂದು ಪದರ ಹಚ್ಚುತ್ತಾರೆ. ನಮ್ಮ ಕಡೆಯ ಬೇಸಿಗೆಯ ಬೆವರಿಗೆ ಆ ದಪ್ಪ ಪದರ ಮೂಗಿನ ಪಕ್ಕ, ಗಲ್ಲದ ಮೇಲೆ ಒಡೆಯುತ್ತದೆ. ಬೆಳ್ಳಗಂತೂ ಯಾರೂ ಆಗುವುದಿಲ್ಲ.

ಎರಡನೆಯ ತಪ್ಪು ಯಾರ ಗಮನಕ್ಕೂ ಬರುವುದಿಲ್ಲ. ಶೇಡ್ ನೋಡಿದ್ದು ಅರಿಶಿಣ ಶಾಸ್ತ್ರದ ಸಂಜೆ. ಹಳದಿ ಹಿಡಿದ ಕೆನ್ನೆಯ ಮೇಲೆ ತಿಳಿ ಹಳದಿ ಫೌಂಡೇಶನ್ ಕೂಡಿಕೊಂಡಂತೆಯೇ ಕಾಣುತ್ತದೆ. ಮರುದಿನ ತಿಕ್ಕಿ ತೊಳೆದ ಮೇಲೆ ಕೆಳಗಿರುವ ಚರ್ಮವೇ ಬೇರೆ. ಆದ್ದರಿಂದ ಶೇಡ್ ಆರಿಸುವುದು ಅರಿಶಿಣಕ್ಕೆ ಕನಿಷ್ಠ ನಾಲ್ಕೈದು ದಿನ ಮೊದಲೇ ಮುಗಿಯಲಿ. ಅರಿಶಿಣದ ಬಣ್ಣ ಎಣ್ಣೆಯಲ್ಲಿ ಕರಗುತ್ತದೆ: ಮೊದಲು ಕೊಬ್ಬರಿ ಎಣ್ಣೆ ಹಚ್ಚಿ ಹತ್ತಿಯಿಂದ ಒರೆಸಿ, ಆಮೇಲೆ ಮುಖ ತೊಳೆಯಿರಿ.

ಶೇಡ್ ನೋಡುವ ರೀತಿ ಹೀಗೆ. ಮುಂಗೈ ಮೇಲೆ ಬೇಡ, ಅದು ಬಿಸಿಲಿಗೆ ಕಪ್ಪಾಗಿರುತ್ತದೆ. ದವಡೆಯಿಂದ ಕುತ್ತಿಗೆಗೆ ಇಳಿಯುವಂತೆ ಮೂರು ಶೇಡಿನ ಮೂರು ಗೆರೆ ಎಳೆಯಿರಿ. ಅರ್ಧ ಗಂಟೆ ಬಿಡಿ, ಏಕೆಂದರೆ ಹಲವು ಫೌಂಡೇಶನ್ ಗಾಳಿ ತಾಗಿ, ಮುಖದ ಎಣ್ಣೆ ಸೇರಿ ತುಸು ಕಪ್ಪಾಗುತ್ತವೆ. ಬಳಿಕ ಅಂಗಡಿಯ ಹೊರಗೆ, ನೆರಳಿನ ಹಗಲು ಬೆಳಕಿನಲ್ಲಿ ಕನ್ನಡಿ ಹಿಡಿಯಿರಿ. ಯಾವ ಗೆರೆ ಕಾಣದಂತಾಯಿತೋ ಅದೇ ನಿಮ್ಮದು. ಸರಿಯಾದುದು ಸಿಗದಿದ್ದರೆ ಪಕ್ಕದ ಎರಡು ಶೇಡ್ ಬೆರೆಸಿ. ಚರ್ಮದ ಒಳಛಾಯೆ ತಿಳಿಯಲು ಮಣಿಕಟ್ಟಿನ ನರ ಹಸಿರೋ ನೀಲಿಯೋ ಎಂದು ನೋಡುವ ಪರೀಕ್ಷೆಯನ್ನು ಗಾಢ ಬಣ್ಣದವರು ನಂಬಬೇಡಿ. ನರವೇ ಸರಿಯಾಗಿ ಕಾಣುವುದಿಲ್ಲ.

ಕಣ್ಣಿನ ಕೆಳಗೆ, ಬಾಯಿಯ ಸುತ್ತ ಕಪ್ಪಿದ್ದರೆ ಕಲೆ ಮುಚ್ಚುವ ತಿಳಿ ಕನ್ಸೀಲರ್ ಹಚ್ಚಬಾರದು, ಅಲ್ಲೂ ಬೂದಿಯೇ. ಮೊದಲು ಕಪ್ಪನ್ನು ಸರಿದೂಗಿಸುವ ಕಿತ್ತಳೆ ಬಣ್ಣದ ಕರೆಕ್ಟರ್ ಅಕ್ಕಿಕಾಳಿನಷ್ಟು ತೆಗೆದು ತಟ್ಟಿ, ಮೇಲೆ ಫೌಂಡೇಶನ್. ತುಟಿಗೆ ಸುಣ್ಣದಂಥ ತಿಳಿ ಗುಲಾಬಿ ಬೇಡ. ಇಟ್ಟಿಗೆ ಕೆಂಪು, ಮರೂನ್, ನೇರಳೆ ಹಣ್ಣಿನ ಬಣ್ಣ ಎಣ್ಣೆಗಪ್ಪಿಗೂ ಗೋದಿಬಣ್ಣಕ್ಕೂ ಒಪ್ಪುತ್ತವೆ. ಕೆನ್ನೆಗೂ ಅದೇ ಸಾಲಿನದು. ಫ್ಲ್ಯಾಶ್ ಫೋಟೊ ಇದ್ದರೆ ಸಿಲಿಕಾ ಇರುವ ಬಿಳಿ ಲೂಸ್ ಪೌಡರ್ ಮುಖಕ್ಕೆಲ್ಲ ಬಳಿಯಬೇಡಿ, ಫೋಟೊದಲ್ಲಿ ಬಿಳಿ ತೇಪೆ ಬೀಳುತ್ತದೆ. ಮೊದಲೇ ಮೊಬೈಲ್ ಫ್ಲ್ಯಾಶಿನಲ್ಲಿ ಒಂದು ಫೋಟೊ ತೆಗೆದು ನೋಡಿ.

ಮದುವೆಯ ದಿನವೇ ಮುಖ ಬೂದಿಯಾಗಿ ಕಂಡರೆ ಮೇಲೆ ಇನ್ನಷ್ಟು ಹಚ್ಚಬೇಡಿ. ಒದ್ದೆ ಸ್ಪಂಜಿನಿಂದ ಒತ್ತಿ ಅರ್ಧ ಪದರ ತೆಗೆಯಿರಿ. ನಿಮ್ಮ ಬಣ್ಣದ ಅಥವಾ ಒಂದು ಶೇಡ್ ಗಾಢವಾದ ಪೌಡರನ್ನು ಹಣೆಯ ಅಂಚು, ಕೆನ್ನೆಯ ಬದಿ, ದವಡೆಗೆ ತೆಳ್ಳಗೆ ಆಡಿಸಿ, ಕುತ್ತಿಗೆ ಮತ್ತು ಕಿವಿಯವರೆಗೂ ತನ್ನಿ.