ಏರ್ ಕೂಲರ್ರೋ ಲಿಕ್ವಿಡ್ ಕೂಲರ್ರೋ: ಒಂದೇ ಪ್ರೊಸೆಸರ್ ಮೇಲೆ ಮೂರನ್ನೂ ಕೂರಿಸಿ ನೋಡಿದ ಮೇಲೆ

ನನ್ನ ಗೇಮಿಂಗ್ ಕಂಪ್ಯೂಟರಿನ ಪ್ರೊಸೆಸರನ್ನು ತಣಿಸಲು ಈಗ ಕೂತಿರುವುದು ಎರಡು ಗೋಪುರದ ದೊಡ್ಡ ಏರ್ ಕೂಲರ್, ಅಂದರೆ ತಗಡಿನ ಪದರಗಳ ಎರಡು ರಾಶಿ ಮತ್ತು ಅವಕ್ಕೆ ಗಾಳಿ ಊದುವ ಫ್ಯಾನ್. ನಾಳೆ ಪ್ರೊಸೆಸರ್ ಬದಲಾಯಿಸಿದರೂ ಅದು ಅಲ್ಲಿಂದ ಕದಲುವುದಿಲ್ಲ. ಅದಕ್ಕಿಂತ ಮೊದಲು ಏಳು ತಿಂಗಳು 240 ಮಿ.ಮೀ. ರೇಡಿಯೇಟರಿನ ಲಿಕ್ವಿಡ್ ಕೂಲರ್ ಇತ್ತು: ಪ್ರೊಸೆಸರ್ ಮೇಲೆ ಕೂತ ಪಂಪು ಬಿಸಿಯಾದ ನೀರನ್ನು ಕೊಳವೆಯಲ್ಲಿ ರೇಡಿಯೇಟರಿಗೆ ಕಳಿಸುತ್ತದೆ, ಅಲ್ಲಿ ಫ್ಯಾನ್ ಅದನ್ನು ತಣಿಸುತ್ತದೆ. ಅದಕ್ಕೂ ಮೊದಲು ಇದ್ದದ್ದು ಪ್ರೊಸೆಸರ್ ಜೊತೆ ಡಬ್ಬಿಯಲ್ಲೇ ಬಂದದ್ದು. ಪ್ರೊಸೆಸರ್ ಒಂದೇ, ಕ್ಯಾಬಿನೆಟ್ ಒಂದೇ, ಕೋಣೆ ಒಂದೇ, ಆಡುವ ಆಟಗಳೂ ಹೆಚ್ಚುಕಡಿಮೆ ಅವೇ. ಮೂರರಲ್ಲಿ ಹೆಚ್ಚು ದುಡ್ಡು ನುಂಗಿದ್ದು ಲಿಕ್ವಿಡ್ ಕೂಲರ್. ನಿದ್ದೆ ಕೆಡಿಸಿದ್ದೂ ಅದೇ.

ಪ್ರೊಸೆಸರ್ ಎಎಂಡಿಯ ರೈಜೆನ್ 7 7700. ಡಬ್ಬಿಯ ಮೇಲೆ 65 ವ್ಯಾಟ್ ಎಂದು ಬರೆದಿದ್ದರೂ ಪೂರ್ತಿ ಕೆಲಸ ಕೊಟ್ಟರೆ 88 ವ್ಯಾಟ್‌ವರೆಗೆ ಎಳೆಯುತ್ತದೆ. ಗೇಮ್ ಆಡುವಾಗ ನನ್ನದು 60ರ ಆಸುಪಾಸಿನಲ್ಲೇ ಇರುತ್ತದೆ. ಕೂಲರ್ ಆರಿಸುವ ಮೊದಲು ನಾನು ಯೋಚಿಸಬೇಕಿದ್ದ ಸಂಗತಿ ಇನ್ನೊಂದಿತ್ತು. ಈ ಪ್ರೊಸೆಸರಿನ ಎಂಟೂ ಕೋರ್‌ಗಳಿರುವ ಸಿಲಿಕಾನ್ ತುಂಡಿನ ವಿಸ್ತೀರ್ಣ ಸುಮಾರು 70 ಚದರ ಮಿ.ಮೀ., ಅಂದರೆ ಕಿರುಬೆರಳಿನ ಉಗುರಿನಷ್ಟು. ಅದೂ ಮುಚ್ಚಳದ ನಟ್ಟನಡುವೆ ಇಲ್ಲ, ಒಂದು ಬದಿಗಿದೆ. ಅಷ್ಟು ಚಿಕ್ಕ ಜಾಗದಿಂದ ಬಿಸಿ ಎದ್ದು, ದಪ್ಪ ಲೋಹದ ಮುಚ್ಚಳ ದಾಟಿ, ಆಮೇಲೆ ಕೂಲರಿಗೆ ಬರಬೇಕು. ಬಿಸಿ ಸಿಕ್ಕಿಕೊಳ್ಳುವುದೇ ಆ ದಾರಿಯಲ್ಲಿ. ಮೇಲೆ ಎಷ್ಟೇ ದೊಡ್ಡ ಕೂಲರ್ ಇಟ್ಟರೂ ಆ ದಾರಿ ಅಗಲ ಆಗುವುದಿಲ್ಲ. ಇದು ಗೊತ್ತಿದ್ದಿದ್ದರೆ ಲಿಕ್ವಿಡ್ ಕೂಲರ್ ಆಸೆ ಅರ್ಧ ಇಳಿದಿರುತ್ತಿತ್ತು.

ಡಬ್ಬಿಯಲ್ಲಿ ಬಂದ ಕೂಲರಿನ ಹೆಸರು ರೇತ್ ಪ್ರಿಸಂ. ಪುಕ್ಕಟೆ ಬಂದ ವಸ್ತು ಅಂತ ಕಡೆಗಣಿಸುವ ಹಾಗಿಲ್ಲ. ಬಿಸಿ ಸಾಗಿಸುವ ತಾಮ್ರದ ಹೀಟ್ ಪೈಪ್ ಇದೆ, ಎರಡು ಕಡೆ ಕೊಕ್ಕೆ ಸಿಕ್ಕಿಸಿ ಸನ್ನೆ ತಿರುಗಿಸಿದರೆ ಕೂತುಬಿಡುತ್ತದೆ. ಗೇಮ್ ಆಡುವಾಗ 75 ಡಿಗ್ರಿ, ಸೆಕೆಯ ದಿನ 80. ಈ ಪ್ರೊಸೆಸರಿಗೆ ಮಿತಿ 95, ಆದ್ದರಿಂದ ಭಯವೇನೂ ಇಲ್ಲ. ತೊಂದರೆ ಇದ್ದದ್ದು ಸದ್ದಿನದು. ಫ್ಯಾನ್ ಚಿಕ್ಕದಾದ್ದರಿಂದ ಜೋರಾಗಿ ತಿರುಗಲೇಬೇಕು. ಬ್ರೌಸರ್ ತೆರೆದರೆ ಸಾಕು, ಪ್ರೊಸೆಸರ್ ಅರೆಕ್ಷಣ ಬಿಸಿಯಾಗುತ್ತದೆ, ಫ್ಯಾನ್ ಕಿರ್ರನೆ ಏರುತ್ತದೆ, ಮತ್ತೆ ಇಳಿಯುತ್ತದೆ. ಬಯೋಸ್‌ನಲ್ಲಿ (ಮದರ್‌ಬೋರ್ಡಿನ ಸೆಟ್ಟಿಂಗ್ ಪರದೆಯಲ್ಲಿ) ಫ್ಯಾನ್ ಏರುವುದಕ್ಕೆ ಕೆಲವು ಸೆಕೆಂಡ್ ತಡ ಇಟ್ಟ ಮೇಲೆ ಆ ಕಿರಿಕಿರಿ ಮುಕ್ಕಾಲು ಪಾಲು ಹೋಯಿತು. ಹೆಡ್‌ಫೋನ್ ಹಾಕಿಕೊಂಡೇ ಆಡುವವರಿಗೆ ಇಷ್ಟು ಸಾಕು, ದುಡ್ಡು ಉಳಿಸಿ ಗ್ರಾಫಿಕ್ಸ್ ಕಾರ್ಡಿಗೆ ಹಾಕಲಿ. ನಾನು ಹೆಡ್‌ಫೋನ್ ಹಾಕುವವನಲ್ಲ. ಅರ್ಧ ಗಂಟೆಗೆ ಕಿವಿ ಬೆವರುತ್ತದೆ. ಕಂಪ್ಯೂಟರ್ ಇರುವುದೂ ಮೇಜಿನ ಮೇಲೆ, ಕಿವಿಯಿಂದ ಎರಡು ಅಡಿ ದೂರದಲ್ಲಿ.

ಹಾಗಾಗಿ ಲಿಕ್ವಿಡ್ ಕೂಲರ್ ತಂದೆ. ನೋಡಲು ಚೆಂದ, ಅದನ್ನು ಒಪ್ಪಲೇಬೇಕು. ಪ್ರೊಸೆಸರ್ ಕೂರುವ ಸಾಕೆಟ್ ಸುತ್ತ ಜಾಗವೆಲ್ಲ ಖಾಲಿ, ರ‍್ಯಾಮ್ ತೆಗೆಯುವುದು ಹಾಕುವುದು ಸಲೀಸು. ಪ್ರೊಸೆಸರ್ ಅರೆಕ್ಷಣ ಬಿಸಿಯಾದರೂ ಫ್ಯಾನ್ ಗಾಬರಿ ಬೀಳುವುದಿಲ್ಲ. ಅಷ್ಟು ನೀರು ಕಾಯಲು ಹೊತ್ತು ಬೇಕಲ್ಲ. ಗೇಮ್ ಆಡುವಾಗ 61 ಡಿಗ್ರಿ. ಮೊದಲ ತಿಂಗಳು ಸಿಕ್ಕವರಿಗೆಲ್ಲ ಇದನ್ನೇ ಹೊಗಳಿದ್ದೆ.

ಕ್ಯಾಬಿನೆಟ್ಟಿನ ಮೇಲ್ಭಾಗದಲ್ಲಿ ರೇಡಿಯೇಟರ್ ಹಿಡಿಸಲಿಲ್ಲ, ರ‍್ಯಾಮಿನ ತಲೆಗೆ ಫ್ಯಾನ್ ತಾಗುತ್ತಿತ್ತು. ಮುಂಭಾಗಕ್ಕೆ ಹಾಕಿದೆ. ಅಲ್ಲಿ ರೇಡಿಯೇಟರ್ 27, ಫ್ಯಾನ್ 25, ಒಟ್ಟು 52 ಮಿ.ಮೀ. ಹೋಯಿತು. ಗ್ರಾಫಿಕ್ಸ್ ಕಾರ್ಡ್ ಕೂದಲೆಳೆಯಲ್ಲಿ ಪಾರಾಯಿತು. ಮೂರು ಫ್ಯಾನ್ ಜಾಗದಲ್ಲಿ ಕೆಳಗಿನ ಎರಡನ್ನು ಆರಿಸಿಕೊಂಡೆ, ಗ್ರಾಫಿಕ್ಸ್ ಕಾರ್ಡಿಗೆ ನೇರ ಗಾಳಿ ಸಿಗಲಿ ಎಂದು. ಮುಂದಿನದಕ್ಕೆಲ್ಲ ಬುಡ ಇದೇ.

ಎರಡನೇ ತಿಂಗಳ ಕೊನೆಗೆ, ಬೆಳಿಗ್ಗೆ ಕಂಪ್ಯೂಟರ್ ಚಾಲೂ ಮಾಡಿದಾಗ ಗುಳುಗುಳು ಎನ್ನುವ ಸದ್ದು ಕೇಳಿತು. ಹೂಜಿಯಿಂದ ನೀರು ಬಗ್ಗಿಸುವಾಗ ಬರುವಂಥದ್ದು. ಹತ್ತು ಸೆಕೆಂಡಿಗೆ ನಿಂತಿತು. ವಾರ ಕಳೆಯುವಷ್ಟರಲ್ಲಿ ಹತ್ತು ಸೆಕೆಂಡ್ ಹೋಗಿ ಎರಡು ನಿಮಿಷ ಆಯಿತು. ಆಮೇಲೆ ರಾತ್ರಿ ಆಡುತ್ತಿರುವಾಗಲೂ ಬರತೊಡಗಿತು. ಈ ಸಲ ಗುಳುಗುಳು ಅಲ್ಲ, ಒಣ ಜಲ್ಲಿಯನ್ನು ತಗಡಿನ ಡಬ್ಬಿಯಲ್ಲಿ ಮೆಲ್ಲಗೆ ಆಡಿಸಿದ ಹಾಗೆ. ಹೆಚ್ಚು ಜೋರಿಲ್ಲ. ಆದರೆ ಮನೆಯೆಲ್ಲ ಮಲಗಿರುವ ಹೊತ್ತಿನಲ್ಲಿ ಕಿವಿ ಅದನ್ನೇ ಹುಡುಕಿಕೊಂಡು ಹೋಗುತ್ತದೆ. ಒಮ್ಮೆ ಕೇಳಿಸಿತು ಅಂದರೆ ಆಟದಲ್ಲಿ ಮನಸ್ಸು ನಿಲ್ಲದು.

ಮೊದಲು ಫ್ಯಾನ್ ಮೇಲೆ ಗುಮಾನಿ ಬಂತು. ಒಂದೊಂದನ್ನೂ ನಡುವಿನ ಗುಂಡಗಿನ ಭಾಗದಲ್ಲಿ ಬೆರಳಿಟ್ಟು ನಿಲ್ಲಿಸಿ ನೋಡಿದೆ. ಸದ್ದು ಹಾಗೇ ಇತ್ತು. ಹಳೇ ಹಾರ್ಡ್ ಡಿಸ್ಕ್ ಇರಬಹುದೆಂದು ಅದರ ವೈರ್ ಕಿತ್ತೆ. ಆಗಲೂ ಇತ್ತು. ಗ್ರಾಫಿಕ್ಸ್ ಕಾರ್ಡ್ ತೆಗೆದಿಟ್ಟು, ಪ್ರೊಸೆಸರಿನಲ್ಲೇ ಇರುವ ಗ್ರಾಫಿಕ್ಸ್‌ನಿಂದ ಪರದೆ ನಡೆಸಿದೆ. ಆಗಲೂ ಇತ್ತು. ಕೊನೆಗೆ ಕಾಗದವನ್ನು ಸುರುಳಿ ಸುತ್ತಿ ಒಂದು ತುದಿ ಕಿವಿಗೆ, ಇನ್ನೊಂದು ತುದಿ ಪಂಪಿನ ಮೂತಿಗೆ ಹಿಡಿದಾಗ ತಿಳಿಯಿತು, ಜಲ್ಲಿ ಇರುವುದು ಅದರ ಹೊಟ್ಟೆಯಲ್ಲಿ.

ಕಾರಣ ಸರಳ. ಇಂಥ ಕೂಲರ್ ಒಳಗೆ ನೀರು ತುಂಬಿ ಮುಚ್ಚಿರುತ್ತಾರೆ, ಜೊತೆಗೆ ಒಂದಿಷ್ಟು ಗಾಳಿ ಇದ್ದೇ ಇರುತ್ತದೆ. ಗಾಳಿ ಯಾವಾಗಲೂ ಎತ್ತರದ ಜಾಗಕ್ಕೆ ಏರಿ ಕೂರುತ್ತದೆ. ರೇಡಿಯೇಟರಿನ ತಲೆ ಪಂಪಿಗಿಂತ ಮೇಲಿದ್ದರೆ ಗಾಳಿ ಅಲ್ಲಿ ಸುಮ್ಮನೆ ಇರುತ್ತದೆ, ಯಾರಿಗೂ ತೊಂದರೆ ಇಲ್ಲ. ನಾನು ಕೆಳಗಿನ ಎರಡು ಜಾಗ ಆರಿಸಿದ್ದರಿಂದ ಪಂಪೇ ಎಲ್ಲಕ್ಕಿಂತ ಎತ್ತರದಲ್ಲಿತ್ತು. ಗಾಳಿ ಬಂದು ಸೇರಿದ್ದು ಅದರೊಳಗೆ. ಪಂಪಿಗೆ ಗಾಳಿ ಸಿಕ್ಕರೆ ಬರೀ ಸದ್ದಲ್ಲ, ಅದರ ಆಯುಸ್ಸೂ ಸವೆಯುತ್ತದೆ. ಇದರ ಮೇಲೆ ಇನ್ನೊಂದು ತಪ್ಪು ಮಾಡಿದ್ದೆ. ಪಂಪಿನ ವೈರನ್ನು ಮದರ್‌ಬೋರ್ಡಿನ ಪ್ರೊಸೆಸರ್ ಫ್ಯಾನ್ ಜಾಗಕ್ಕೆ ಚುಚ್ಚಿದ್ದರಿಂದ, ಬಿಸಿ ಏರಿದ ಹಾಗೆ ಪಂಪೂ ಏರುತ್ತ ಇಳಿಯುತ್ತ ಇತ್ತು. ಪಂಪಿನದೇ ಬೇರೆ ಜಾಗ ಇರುತ್ತದೆ, ಅಲ್ಲಿ ಒಂದೇ ವೇಗದಲ್ಲಿ ಬಿಡಬೇಕು. ಹಾಗೆ ಮಾಡಿದ ಮೇಲೆ ರಾಗ ಹೋಯಿತು, ಜಲ್ಲಿ ಉಳಿಯಿತು.

ಮುಂದಿನ ಭಾನುವಾರ ಕಂಪ್ಯೂಟರ್ ನಡೆಯುತ್ತಿದ್ದ ಹಾಗೇ ಇಡೀ ಕ್ಯಾಬಿನೆಟ್ಟನ್ನು ಎರಡೂ ಕೈಯಲ್ಲಿ ತಬ್ಬಿ ಹಿಂದಕ್ಕೆ ವಾಲಿಸಿ ಹಿಡಿದೆ. ಗಾಳಿಗುಳ್ಳೆ ಕೊಳವೆಯಲ್ಲಿ ಗಳಕ್ಕನೆ ದಾಟಿ ಹೋದದ್ದು ಅಂಗೈಗೇ ತಿಳಿಯಿತು. ಸದ್ದು ಪೂರಾ ನಿಂತಿತು. ಆ ರಾತ್ರಿ ಒಂದು ಗಂಟೆವರೆಗೆ ನೆಮ್ಮದಿಯಾಗಿ ಆಡಿದೆ. ಮಂಗಳವಾರ ಮತ್ತೆ ಶುರು. ರೇಡಿಯೇಟರನ್ನು ಒಂದು ಜಾಗ ಮೇಲಕ್ಕೆ ಏರಿಸಿದೆ. ಈಗ ಅದರ ತಲೆ ಪಂಪಿಗಿಂತ ನಾಲ್ಕು ಬೆರಳು ಮೇಲೆ ಬಂತು, ಸದ್ದು ತುಂಬ ಇಳಿಯಿತು. ಆದರೆ ಕಂಪ್ಯೂಟರ್ ಚಾಲೂ ಮಾಡಿದಾಗಿನ ಗುಳುಗುಳು ಮಾತ್ರ ಹೋಗಲೇ ಇಲ್ಲ. ಮಾರಿದ ಕಂಪನಿಗೆ ಧ್ವನಿ ಮುದ್ರಿಸಿ ಕಳಿಸಿದ್ದಕ್ಕೆ, ಇದು ಸಹಜವಾದ ಸದ್ದು, ಬದಲಿ ಕೊಡಲು ಬರುವುದಿಲ್ಲ ಎಂದು ಉತ್ತರ ಬಂತು.

ನನಗೆ ಬೇಸರ ತಂದದ್ದು ಆ ಉತ್ತರಕ್ಕಿಂತ ಹೆಚ್ಚಾಗಿ, ಇದಕ್ಕೆ ನನ್ನ ಕೈಯಲ್ಲಿ ರಿಪೇರಿ ಇಲ್ಲ ಎನ್ನುವುದು. ರಬ್ಬರ್ ಕೊಳವೆಯ ಗೋಡೆಯಿಂದ ನೀರು ವರ್ಷಗಟ್ಟಲೆ ತೀರಾ ನಿಧಾನವಾಗಿ ಆರುತ್ತ ಹೋಗುತ್ತದೆ. ಹಾಗೆ ಹೋದಷ್ಟೂ ಒಳಗೆ ಗಾಳಿ ಹೆಚ್ಚುತ್ತದೆ. ನನ್ನದರಲ್ಲಿ ಮೇಲಿಂದ ನೀರು ತುಂಬಲು ಬಿರಡೆ ಇರಲಿಲ್ಲ. ಪಂಪು ಸೋತರೆ ಪಂಪೊಂದನ್ನೇ ಬದಲಿಸಲು ಬರುವುದಿಲ್ಲ, ಇಡೀ ಕೂಲರ್ ಎಸೆಯಬೇಕು. ಕಂಪ್ಯೂಟರನ್ನು ಆರೇಳು ವರ್ಷ ಇಟ್ಟುಕೊಳ್ಳುವ ನನ್ನಂಥವನಿಗೆ ಇದು ಹೊಂದುವ ಮಾತಲ್ಲ.

ಹಾಗೆ ಬಂದದ್ದು ಎರಡು ಗೋಪುರದ ಕೂಲರ್. ಆರು ತಾಮ್ರದ ಹೀಟ್ ಪೈಪ್, ಎರಡು 120 ಮಿ.ಮೀ. ಫ್ಯಾನ್, ಕೈಗೆ ಒಳ್ಳೇ ಭಾರ. ಗೇಮ್ ಆಡುವಾಗ 63 ಡಿಗ್ರಿ. ಲಿಕ್ವಿಡ್ ಕೂಲರಿಗೂ ಇದಕ್ಕೂ ಎರಡೇ ಡಿಗ್ರಿ ಅಂತರ, ಅದು ಕಿಟಕಿ ತೆರೆದರೆ ಮುಗಿಯಿತು. ಫ್ಯಾನ್‌ಗಳು ನಿಮಿಷಕ್ಕೆ 800 ಸುತ್ತು ದಾಟದ ಹಾಗೆ ಇಟ್ಟಿದ್ದೇನೆ. ರಾತ್ರಿ ಹತ್ತರ ಮೇಲೆ ಆಡಿದರೆ ನನಗೆ ಕೇಳುವುದು ಗ್ರಾಫಿಕ್ಸ್ ಕಾರ್ಡಿನ ಫ್ಯಾನ್ ಮಾತ್ರ.

ನೀರು ಇದರಲ್ಲೂ ಇದೆ. ಹೀಟ್ ಪೈಪಿನೊಳಗೆ ಗಾಳಿ ಹೀರಿ ತೆಗೆದು ಕೆಲವೇ ಹನಿ ನೀರು ಇಟ್ಟು ಮುಚ್ಚಿರುತ್ತಾರೆ. ಬುಡದಲ್ಲಿ ಕಾದ ನೀರು ಆವಿಯಾಗಿ ತಗಡಿನ ಪದರಗಳ ಕಡೆ ಓಡುತ್ತದೆ, ಅಲ್ಲಿ ತಣಿದು ಹನಿಯಾಗಿ, ಪೈಪಿನ ಒಳಮೈಯ ಬತ್ತಿಯಂಥ ಪದರದಲ್ಲಿ ತಾನೇ ಬುಡಕ್ಕೆ ಮರಳುತ್ತದೆ. ದೀಪದ ಬತ್ತಿ ಎಣ್ಣೆ ಎಳೆಯುವ ಹಾಗೆ. ಪಂಪಿಲ್ಲ, ಸದ್ದಿಲ್ಲ. ಕೆಡುವಂಥದ್ದು ಅಂದರೆ ಫ್ಯಾನ್ ಒಂದೇ. ಅದು ಕೆಟ್ಟರೆ ಯಾವುದೇ 120 ಮಿ.ಮೀ. ಫ್ಯಾನ್ ತಂದು ಸಿಕ್ಕಿಸಬಹುದು.

ಕೂರಿಸುವಾಗ ಮಾತ್ರ ತಾಳ್ಮೆ ಬೇಕು. ಎತ್ತರ 157 ಮಿ.ಮೀ., ನನ್ನ ಕ್ಯಾಬಿನೆಟ್ ಬಿಡುವುದು 165. ತರುವ ಮೊದಲು ಅಳೆಯಲೇಬೇಕು. ರ‍್ಯಾಮಿಗೆ ಅಲಂಕಾರದ ಎತ್ತರದ ತಗಡಿದ್ದರೆ ಮುಂದಿನ ಫ್ಯಾನನ್ನು ಮೇಲಕ್ಕೆ ಸರಿಸಬೇಕಾಗುತ್ತದೆ, ಆಗ ಎತ್ತರ ಇನ್ನೂ ಏರುತ್ತದೆ. ಫ್ಯಾನ್ ಹಿಡಿಯುವ ತಂತಿಯ ಕೊಕ್ಕೆ ಬೆರಳಿಗೆ ಚುಚ್ಚುತ್ತದೆ. ಗ್ರಾಫಿಕ್ಸ್ ಕಾರ್ಡ್ ತೆಗೆಯುವ ಚಿಕ್ಕ ಚಿಲಕ ಕೂಲರಿನ ಅಡಿಗೆ ಹೋಗಿಬಿಡುತ್ತದೆ, ನಾನು ಮರದ ಕಡ್ಡಿ ತೂರಿಸಿ ಒತ್ತುತ್ತೇನೆ. ಲೋಹದ ಸ್ಕ್ರೂ ಡ್ರೈವರ್ ಅಲ್ಲಿಗೆ ಹಾಕಬೇಡಿ, ಜಾರಿದರೆ ಬೋರ್ಡಿಗೆ ಗೀರು ಬೀಳುತ್ತದೆ. ಕಂಪ್ಯೂಟರನ್ನು ಆಗಾಗ ಬೇರೆ ಕಡೆ ಹೊತ್ತೊಯ್ಯುವವರು ಈ ಭಾರವನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿ.

ಪ್ರಿಸಂ ಕೂಲರನ್ನು ತಮ್ಮ ತನ್ನ ಹಳೇ ಎಎಂ4 (ಎಎಂಡಿಯ ಹಿಂದಿನ ಸಾಕೆಟ್) ಕಂಪ್ಯೂಟರಿಗೆ ಒಯ್ದ. ಅವನ ಹಳೇ ಕೂಲರ್ ಎಳೆದದ್ದೇ ಫೋನ್ ಮಾಡಿದ: "ಅಣ್ಣಾ, ಪ್ರೊಸೆಸರೂ ಜೊತೆಗೇ ಎದ್ದು ಬಂತಲ್ಲೋ!" ಎಎಂ4ನಲ್ಲಿ 1331 ಕಡ್ಡಿಗಳು ಇರುವುದು ಪ್ರೊಸೆಸರಿನ ಹೊಟ್ಟೆಗೆ, ಮೇಲಿಂದ ಹಿಡಿದಿಡುವ ಚೌಕಟ್ಟಿಲ್ಲ. ಪ್ರೊಸೆಸರಿಗೂ ಕೂಲರಿಗೂ ನಡುವೆ ಹಚ್ಚುವ ಪೇಸ್ಟ್ ಒಣಗಿ ಅಂಟಾಗಿದ್ದರೆ ಹೀಗಾಗುತ್ತದೆ. ಎರಡು ಕಡ್ಡಿ ಬಾಗಿದ್ದವು, ಬ್ಲೇಡ್ ಅಂಚಿನಲ್ಲಿ ನೆಟ್ಟಗೆ ಮಾಡಿದೆವು. ಹತ್ತು ನಿಮಿಷ ಗೇಮ್ ಆಡಿ ಪೇಸ್ಟ್ ಬಿಸಿ ಮಾಡಿ, ಕಂಪ್ಯೂಟರ್ ಆಫ್ ಮಾಡಿದ ಕೂಡಲೇ ಕೂಲರನ್ನು ಎಳೆಯದೆ ಅತ್ತಿತ್ತ ತಿರುಚಿ ಬಿಡಿಸಬೇಕಿತ್ತು. ನನ್ನ ಪ್ರೊಸೆಸರ್ ಕೂರುವ ಎಎಂ5ನಲ್ಲಿ ಈ ಕಾಟ ಇಲ್ಲ. ಅಲ್ಲಿ ಕಡ್ಡಿಗಳು ಸಾಕೆಟ್ಟಿನಲ್ಲಿವೆ, ಪ್ರೊಸೆಸರನ್ನು ಲೋಹದ ಚೌಕಟ್ಟು ಒತ್ತಿ ಹಿಡಿದಿರುತ್ತದೆ.

253 ವ್ಯಾಟ್‌ವರೆಗೆ ಎಳೆಯುವ ಇಂಟೆಲ್ ಐ9-14900ಕೆ ಥರದ ಪ್ರೊಸೆಸರ್ ಇಟ್ಟುಕೊಂಡು ದಿನವಿಡೀ ವಿಡಿಯೋ ಕೆಲಸ ಮಾಡುವವರಿಗೆ 360 ಮಿ.ಮೀ. ಲಿಕ್ವಿಡ್ ಕೂಲರ್ ಬೇಕಾಗಬಹುದು. ಅವರು ರೇಡಿಯೇಟರ್ ಮೇಲ್ಭಾಗಕ್ಕೆ ಹಿಡಿಸುವ ಕ್ಯಾಬಿನೆಟ್ಟನ್ನೇ ಮೊದಲು ಆರಿಸಲಿ. ಸಂಜೆ ಮೂರು ಗಂಟೆ ಆಡುವ, 65 ವ್ಯಾಟ್ ಪ್ರೊಸೆಸರಿನ ನನಗೆ ಗೋಪುರವೇ ಸಾಕು, ಬೇಕಾದ್ದೂ ಅದೇ. ನೇರವಾಗಿ ಇದನ್ನೇ ತಂದಿದ್ದರೆ ಲಿಕ್ವಿಡ್ ಕೂಲರಿಗೆ ಹೋದ ದುಡ್ಡಿನಲ್ಲಿ ಎಸ್‌ಎಸ್‌ಡಿಯ ಜಾಗ ದುಪ್ಪಟ್ಟು ಮಾಡಿಕೊಳ್ಳಬಹುದಿತ್ತು. ಈಗ ಒಂದು ಗೇಮ್ ಹಾಕಲು ಇನ್ನೊಂದನ್ನು ಅಳಿಸುತ್ತಿದ್ದೇನೆ.

ಲಿಕ್ವಿಡ್ ಕೂಲರ್ ಅದರ ಡಬ್ಬಿಯಲ್ಲೇ ಇದೆ. ಕೊಳ್ಳುತ್ತೇನೆಂದು ಇಬ್ಬರು ಕೇಳಿದರು. ಮೊನ್ನೆ ಡಬ್ಬಿ ಇಳಿಸಿ ರೇಡಿಯೇಟರನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆ. ನೀರು ಕುಲುಕುವುದು ಸ್ಪಷ್ಟವಾಗಿ ಕೇಳಿಸಿತು. ಕೊಡುವುದಿಲ್ಲ ಎಂದು ಇಬ್ಬರಿಗೂ ಹೇಳಿದೆ.